ಒಂಬತ್ತನೇ ಗೂಡು

ನನ್ನ ಅಕ್ಕ ನಿದ್ದೆ ಮಾಡಲಿ ಅಂತ ನಾವೊಂದು ಪೆಟ್ಟಿಗೆ ಮಾಡಿದೆವು. ಮಿಕ್ಕ ಕಾರಣಗಳೆಲ್ಲ ಕೇಳಿದವರಿಗೆ ಹೇಳಲಿಕ್ಕೆ ಆಮೇಲೆ ಸೇರಿಸಿಕೊಂಡವು.

ಅಕ್ಕನನ್ನು ಕೊಟ್ಟಿದ್ದು ಬೆಟ್ಟದಪುರದ ಹತ್ತಿರದ ಒಂದು ಊರಿಗೆ. ಹೊಗೆಸೊಪ್ಪಿನ ಊರು. ಮುಂಗಾರಿಗೆ ನೆಟ್ಟ ಸೊಪ್ಪು ಆಷಾಢ ಕಳೆಯುವ ಹೊತ್ತಿಗೆ ಮುರಿಯಲು ಬರುತ್ತದೆ. ಅಲ್ಲಿಂದ ದೀಪಾವಳಿಯವರೆಗೂ ಆ ಕಡೆ ಬ್ಯಾರನ್‌ಗಳು ಉರಿಯುತ್ತಲೇ ಇರುತ್ತವೆ. ಬ್ಯಾರನ್ ಅಂದರೆ ಎತ್ತರದ ನಾಲ್ಕು ಗೋಡೆ, ಮೇಲೆ ಹಂಚು. ಒಳಗೆ ಅಟ್ಟ ಅಟ್ಟವಾಗಿ ಗಳ, ಗಳದ ಮೇಲೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪು, ನೆಲದ ಮೇಲೆ ಸುತ್ತಿ ಬರುವ ದಪ್ಪ ತಗಡಿನ ಕೊಳವೆ. ಹೊರಗಿನ ಒಲೆಗೆ ಸೌದೆ ತುಂಬಿದರೆ ಬಿಸಿ ಆ ಕೊಳವೆಯಲ್ಲಿ ಹರಿದು ಸೊಪ್ಪು ಬೇಯುತ್ತದೆ. ಶಾಖ ಸಾಲದಿದ್ದರೆ ಸೊಪ್ಪು ಕಪ್ಪಾಗುತ್ತದೆ. ಮೀರಿದರೆ, ಅದರಲ್ಲೂ ದಂಟು ಒಣಗುವ ಕೊನೆಯ ಹಂತದಲ್ಲಿ ಮೀರಿದರೆ, ಗರಿಗರಿಯಾದ ಒಂದು ಎಲೆ ಕಳಚಿ ಕೊಳವೆಯ ಮೇಲೆ ಬಿದ್ದರೂ ಸಾಕು, ಬ್ಯಾರನ್ ಪೂರ್ತಿ ಹೋಗುತ್ತದೆ.

ಅದಕ್ಕೇ ಯಾರಾದರೊಬ್ಬರು ಕಾಯಬೇಕು. ಭಾವ ಒಳ್ಳೆಯ ಮನುಷ್ಯ, ಆದರೆ ಕೂತಲ್ಲೇ ಗೊರಕೆ ಹೊಡೆಯುವ ಜಾಯಮಾನ. ಹಾಗಾಗಿ ಕಾವಲು ಅಕ್ಕನದು. ಬ್ಯಾರನ್ ಗೋಡೆಗೆ ಒರಗಿಸಿದ ಗರಿಯ ಚಪ್ಪರದಲ್ಲಿ ಒಂದು ಚಾಪೆ, ಅದೇ ಅವಳ ಮನೆ. ಒಂದು ವರ್ಷ ಸೊಪ್ಪಿನ ಕಾಲದಲ್ಲಿ ನಾನು ಹೋದಾಗ ಮುದ್ದೆ ತೊಳಸುತ್ತ ತೊಳಸುತ್ತ ಅಕ್ಕ ಒಲೆಯ ಮುಂದೆಯೇ ತೂಕಡಿಸಿದಳು. ಕೈ ಬೆಂಕಿಗೆ ಹೋಗುವುದರಲ್ಲಿತ್ತು. ಹಿಡಿದು ಎಬ್ಬಿಸಿದರೆ ನನ್ನನ್ನೇ ಗದರಿದಳು. ಆವತ್ತು ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಿಟ್ಟೋ ಅಳುವೋ ಗೊತ್ತಾಗಲಿಲ್ಲ. ಇವಳು ಒಂದು ದಿನ ಹೀಗೇ ಹೋಗಿಬಿಡುತ್ತಾಳೆ ಅನ್ನಿಸಿತು.

ಹುಣಸೂರಿನ ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ, ನನಗೂ ನನ್ನ ಗಂಡನಿಗೂ ಸಣ್ಣ ವರ್ಕ್‌ಶಾಪ್ ಇತ್ತು. ಹೊಸ ಶತಮಾನ ಶುರುವಾಗಿ ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಟಿ.ವಿ., ಯುಪಿಎಸ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಏನು ಬಂದರೂ ರಿಪೇರಿ. ಕೆಳಗಿಂದ ಯೂರಿಯಾ ವಾಸನೆ, ಮೇಲೆ ಬೆಸುಗೆಯ ಹೊಗೆ. ಬೋರ್ಡು ಮಾಡುವುದು, ಊರೂರಿಗೆ ಹೋಗಿ ಕೂರಿಸಿ ಬರುವುದು ನನ್ನ ಪಾಲು. ಪ್ರೋಗ್ರಾಮ್ ಬರೆಯುವುದು ಅವರ ಪಾಲು. ಅವರು ಕೆ.ಆರ್. ನಗರದವರು, ನಾಲೆ ನೀರಿನ ಭತ್ತದ ಊರಿನವರು. ಮದುವೆಯಾಗಿ ನಮ್ಮ ಕಡೆ ಬರುವತನಕ ಬ್ಯಾರನ್ ಒಳಗೆ ಕಾಲಿಟ್ಟವರಲ್ಲ.

ಪೆಟ್ಟಿಗೆಯ ಕೆಲಸ ಹೇಳಿದರೆ ಸರಳ. ಪ್ರತಿ ಬ್ಯಾರನ್ ಒಳಗೆ ಒಂದು ಸೆನ್ಸರ್. ಊರಿನ ಎಲ್ಲ ಬ್ಯಾರನ್‌ಗಳನ್ನು ಮುಟ್ಟಿ ಬರುವ ಒಂದು ಜೋಡಿ ತಂತಿ. ತಂತಿಯ ತುದಿಯಲ್ಲಿ, ಹಾಲಿನ ಡೈರಿಯ ಕೋಣೆಯಲ್ಲಿ, ನಮ್ಮ ಪೆಟ್ಟಿಗೆ. ‘ನಾನು ಇಂಥ ನಂಬರು, ನನ್ನ ಶಾಖ ಇಷ್ಟು’ ಅಂತ ಸೆನ್ಸರ್ ಆಗಾಗ ಕೂಗುತ್ತದೆ. ಪೆಟ್ಟಿಗೆ ಆ ನಂಬರು ಯಾರದು, ಅವರ ಸೊಪ್ಪಿಗೆ ಎಷ್ಟು ಶಾಖ ಮೀರಬಾರದು, ಮೀರಿದರೆ ಯಾವ ಮನೆಯ ಗಂಟೆ ಹೊಡೆಯಬೇಕು ಅಂತ ತನ್ನ ನೆನಪಿನಲ್ಲಿ ಹುಡುಕಬೇಕು. ಹುಡುಕಿ ಮುಗಿಯುವತನಕ ಅದಕ್ಕೆ ಇನ್ನೊಬ್ಬರ ಕೂಗು ಕೇಳಿಸುವುದಿಲ್ಲ. ಕರೆಂಟು ಹೋದರೂ ಮರೆಯದ ಮೆಮೊರಿ ಚಿಪ್‌ನಲ್ಲಿ ಆ ವಿವರ ಇಟ್ಟಿದ್ದೆವು, ಯಾಕೆಂದರೆ ಆ ಊರುಗಳಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಆದರೆ ಅಂಥ ಚಿಪ್ ಬಲು ನಿಧಾನ. ಒಂದೊಂದು ಸಲ ಇಣುಕಿದ್ದಕ್ಕೂ ಹೊತ್ತು ತೆರಬೇಕು.

ಇದನ್ನೆಲ್ಲ ಆಳುವ ಒಳಗಿನ ಪ್ರೋಗ್ರಾಮಿಗೆ ಕರ್ನೆಲ್ ಅನ್ನುತ್ತಾರೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾರು ಕೂಗಿದರೆ ಯಾವುದನ್ನು ನಿಲ್ಲಿಸಬೇಕು, ಎಲ್ಲ ಅದರ ಯಜಮಾನಿಕೆ. ಅಷ್ಟು ಸಣ್ಣ ಪ್ರೊಸೆಸರಿಗೆ ಹೊಂದುವ ಕರ್ನೆಲ್ ಎಲ್ಲೂ ಸಿಗದೆ ಇವರೇ ಕೂತು ಬರೆದರು. ಮೊದಲ ವರ್ಷ ಅಕ್ಕನ ಊರಿನ ಕೆಲವೇ ಬ್ಯಾರನ್. ವಿವರಗಳನ್ನು ಒಂದರ ಬಾಲ ಒಂದು ಹಿಡಿದ ಹಾಗೆ ಸಾಲಾಗಿ ಪೋಣಿಸಿದ್ದರು. ಮೊದಲಿನಿಂದ ಒಬ್ಬೊಬ್ಬರನ್ನೇ ನೋಡುತ್ತ ಹೋದರೂ ಸಮಯಕ್ಕೆ ಸಿಗುತ್ತಿದ್ದರು. ಗಂಟೆ ಹೊಡೆಯಿತು, ಅಕ್ಕ ಎದ್ದು ಸೌದೆ ಎಳೆದಳು, ಮತ್ತೆ ಮಲಗಿದಳು. ಸೊಪ್ಪಿನ ಕಾಲದಲ್ಲಿ ಅಕ್ಕ ಮಲಗಿದ್ದಾಳೆ ಅನ್ನುವುದೇ ನಮ್ಮ ಮನೆಯಲ್ಲಿ ದೊಡ್ಡ ಸುದ್ದಿಯಾಯಿತು.

ಸುದ್ದಿ ಪಿರಿಯಾಪಟ್ಟಣದವರೆಗೂ ಹೋಯಿತು. ಸುತ್ತಲ ಊರಿನವರೆಲ್ಲ ತಮಗೂ ಬೇಕು ಅಂದರು. ತಂತಿ ಎಳೆಯಬಹುದಿತ್ತು, ಆದರೆ ಅಷ್ಟು ಜನಕ್ಕೆ ಆ ಸಾಲು ಸಾಲುವುದಿಲ್ಲ ಅಂತ ನಮಗಿಬ್ಬರಿಗೂ ಗೊತ್ತಿತ್ತು. ಆ ಬೇಸಿಗೆಯಲ್ಲಿ ಟೀ ಲೋಟ ಮುಂದಿಟ್ಟುಕೊಂಡು ನಾವು ಆಡಿದ ಜಗಳ ನನಗೆ ಚೆನ್ನಾಗಿ ನೆನಪಿದೆ.

‘ಟ್ರೀ ಮಾಡಿ,’ ಅಂದೆ ನಾನು. ಚಿಕ್ಕ ನಂಬರು ಎಡಕ್ಕೆ, ದೊಡ್ಡದು ಬಲಕ್ಕೆ, ಕೊಂಬೆ ಕೊಂಬೆಯಾಗಿ ಜೋಡಿಸಿದರೆ ಪ್ರತಿ ಕವಲಿನಲ್ಲೂ ಅರ್ಧ ಜನರನ್ನು ಬಿಟ್ಟು ಮುಂದೆ ಹೋಗಬಹುದು. ನಾಲ್ಕಾರು ಕವಲು ದಾಟುವುದರೊಳಗೆ ಬೇಕಾದವರು ಸಿಕ್ಕಿರುತ್ತಾರೆ.

‘ಅದು ಒಂದು ಕಡೆಗೆ ವಾಲ್ತದೆ ಕಣೆ. ವಾಲಿದಾಗೆಲ್ಲ ಕೊಂಬೆ ತಿರುಗಿಸಿ ನೆಟ್ಟಗೆ ಮಾಡ್ಬೇಕು. ಅರ್ಧ ತಿರುಗಿಸಿರೋವಾಗ ಯಾವುದೋ ಬ್ಯಾರನ್ ಕೂಗುದ್ರೆ? ಕೊಂಬೆ ನನ್ ಕೈಲಿ ಇರ್ತದೆ, ಕಾಯಿ ಎಲ್ಲಿ ಅಂತ ಹುಡುಕ್ಲಿ? ಅಷ್ಟೊತ್ತು ಪೆಟ್ಟಿಗೆ ಕಿವಿ ಮುಚ್ಕೊಂಡಿರ್ಬೇಕಾಯ್ತದೆ. ಕಿವಿ ಮುಚ್ಚೋ ಪೆಟ್ಟಿಗೆ ನಂಗೆ ಬ್ಯಾಡ.’

ಅವರಿಗೆ ಬೇಕಾಗಿದ್ದು ಹ್ಯಾಶ್ ಟೇಬಲ್. ಅಂದರೆ ಗೂಡುಗಳು. ಬಂದ ನಂಬರಿನ ಅಂಕಿಗಳನ್ನು ಹೇಗೋ ಕಲಸಿ, ಅದರಿಂದ ಬಂದ ಉತ್ತರದ ಗೂಡಿಗೆ ನೇರವಾಗಿ ಕೈ ಹಾಕುವುದು. ಒಂದೇ ಗೂಡಿಗೆ ಹಲವರು ಬಿದ್ದರೆ ಆ ಗೂಡಿನೊಳಗೆ ಮಾತ್ರ ಸಾಲು. ‘ಒಂಬತ್ತು ಗೂಡು ಸಾಕು. ಸರಾಸರಿ ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಜನ ಇರ್ತಾರೆ.’

‘ಎಲ್ಲಾರೂ ಒಂದೇ ಗೂಡಿಗೆ ಬಂದು ಕೂತ್ರೆ?’

‘ಯಾಕ್ ಬತ್ತಾರೆ? ಮಾತಾಡ್ಕೊಂಡು ಬತ್ತಾರಾ?’

‘ಸರಾಸರಿ ಅನ್ನೋರು ಯಾವೂರಲ್ಲೂ ಇಲ್ಲ ಕಣ್ರೀ. ಯಾರ ಮನೆ ಬ್ಯಾರನ್ನೂ ಸರಾಸರಿ ಉರಿಯಲ್ಲ.’

ಅವರು ನಕ್ಕುಬಿಟ್ಟರು. ನಗು ಬಂದರೆ ಅವರು ಗೆದ್ದ ಹಾಗೆ. ಹ್ಯಾಶ್ ಆಯಿತು. ಅದರ ಜೊತೆಗೆ ಇನ್ನೆರಡು ಸಣ್ಣ ತೀರ್ಮಾನ ಮಾಡಿಕೊಂಡರು. ಹೊಸದಾಗಿ ಸೇರಿದವರನ್ನು ಗೂಡಿನ ಬಾಯಲ್ಲೇ ಇಡುವುದು, ಯಾಕೆಂದರೆ ಕೊನೆಯವರೆಗೆ ಹೋಗಿ ಜೋಡಿಸುವುದಕ್ಕಿಂತ ಅದು ಸುಲಭ. ಮತ್ತೆ, ಇಂತಿಷ್ಟು ಹೊತ್ತು ಹುಡುಕಿಯೂ ಸಿಗದಿದ್ದರೆ ಆ ನಂಬರನ್ನು ತಂತಿಯ ಗಲಾಟೆ ಅಂತ ಬಿಟ್ಟು ಮುಂದೆ ಹೋಗುವುದು. ಗಾಳಿಗೆ, ಗುಡುಗಿಗೆ ತಂತಿಯಲ್ಲಿ ಇಲ್ಲದ ನಂಬರುಗಳು ನಿಜವಾಗಿಯೂ ಹುಟ್ಟುತ್ತಿದ್ದವು, ಅವನ್ನೇ ಹುಡುಕುತ್ತ ಕೂತರೆ ಪೆಟ್ಟಿಗೆ ಕೆಡುತ್ತಿತ್ತು. ಬೇರೆ ಬೇರೆಯಾಗಿ ನೋಡಿದರೆ ಎರಡರಲ್ಲೂ ನಾನು ಇವತ್ತಿಗೂ ತಪ್ಪು ತೆಗೆಯಲಾರೆ. ಅಂಕಿಗಳನ್ನು ಹೇಗೆ ಕಲಸುತ್ತೀರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ವರ್ಷದಿಂದಲೂ ನಂಬರು ಕೊಡುವುದು, ಅದನ್ನು ಡೈರಿಯ ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸವಾಗಿತ್ತು. ಸೆನ್ಸರಿನ ಬೆನ್ನಿನಲ್ಲಿ ನಾಲ್ಕು ಪುಟ್ಟ ಚಕ್ರ, ತಿರುಗಿಸಿದರೆ ನಾಲ್ಕಂಕಿ ಬರುತ್ತದೆ. ‘ಯಾವ್ದಾರಾ ಕೊಡು, ಒಬ್ಬರ ನಂಬರು ಇನ್ನೊಬ್ಬರಿಗೆ ಬರ್ಬಾರ್ದು ಅಷ್ಟೆ,’ ಅಂದಿದ್ದರು ಇವರು. ಮೊದಲ ಸೆನ್ಸರ್ ಅಕ್ಕನದು. ಅವಳು ಚಕ್ರಗಳನ್ನು ನೋಡಿದವಳೇ, ‘ಕೂಡುದ್ರೆ ಒಂಬತ್ತು ಬರೋದು ಕೊಡೆ,’ ಅಂದಳು. ನಮ್ಮ ಕಡೆ ಎಲ್ಲರೂ ಹಾಗೇ. ಟ್ರಾಕ್ಟರ್ ಆಗಲಿ, ಬೈಕ್ ಆಗಲಿ, ಫೋನ್ ಆಗಲಿ, ನಂಬರಿನ ಅಂಕಿಗಳನ್ನು ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಒಂದೇ ಅಂಕಿ ಉಳಿಯುವವರೆಗೆ ಕೂಡಿ ನೋಡುತ್ತಾರೆ. ಒಂಬತ್ತು ಬಂದರೆ ಕೈ ಹತ್ತುತ್ತದೆ. ಎಂಟು ಬಂದರೆ ಶನಿ, ಯಾರೂ ಮುಟ್ಟುವುದಿಲ್ಲ. ನನಗೇನು, ಚಕ್ರ ತಿರುಗಿಸುವುದು ತಾನೆ. ಅಕ್ಕನಿಗೆ ಕೊಟ್ಟೆ, ಅವಳ ಪಕ್ಕದವರಿಗೆ ಕೊಟ್ಟೆ, ಆಮೇಲೆ ಯಾರೂ ಕೇಳುವ ಮೊದಲೇ ಒಂಬತ್ತು ಬರುವ ಹಾಗೆ ತಿರುಗಿಸಿ ಕೊಡುತ್ತಿದ್ದೆ. ಜನಕ್ಕೆ ಖುಷಿ. ಇವರಿಗೆ ಮಾತ್ರ ಹೇಳಲಿಲ್ಲ. ಇಂಥದ್ದನ್ನು ಇವರ ಕಿವಿಗೆ ಹಾಕಿದರೆ ವಾರಗಟ್ಟಲೆ ಗೇಲಿಗೆ ನಾನೇ ಸಾಮಾನು ಒದಗಿಸಿದ ಹಾಗೆ.

ಆ ವರ್ಷ ಸೊಪ್ಪು ಚೆನ್ನಾಗಿ ಬಂತು. ವಾರ ವಾರವೂ ಹೊಸ ಬ್ಯಾರನ್‌ಗಳು ತಂತಿಗೆ ಸೇರುತ್ತಿದ್ದವು. ನಾನು ಚೀಲ ಹೆಗಲಿಗೇರಿಸಿಕೊಂಡು ಊರೂರು ತಿರುಗಿದೆ. ಹೋದಲ್ಲೆಲ್ಲ ಮಜ್ಜಿಗೆ, ಹೋದಲ್ಲೆಲ್ಲ ಮರ್ಯಾದೆ.

ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಹೋದೆ. ಅವಳ ಮುಖ ತುಂಬಿಕೊಂಡಿತ್ತು. ಕಣ್ಣಿನ ಸುತ್ತಲ ಕಪ್ಪು ಹೋಗಿತ್ತು. ‘ಈ ಸಲ ಗಂಟೆ ಕಾಟ್ವೇ ಇಲ್ಲ ಕಣೆ,’ ಅಂದಳು. ‘ಓದ್ವರ್ಸ ಮಾತ್ಮಾತ್ಗೂ ಒಡ್ಕೊಳ್ಳೋದು. ಈಗ ಸೌದೆ ತುಂಬಿ ಮಲೀಕಂಡ್ರೆ ಏಳಾದೇ ಇಲ್ಲ.’

ನನಗೆ ಮೊದಲು ಖುಷಿಯೇ ಆಯಿತು. ಆಮೇಲೆ ಮಾತಾಡುತ್ತ ಬ್ಯಾರನ್ ಹತ್ತಿರ ಹೋಗಿ, ಬಾಗಿಲಿನ ಪುಟ್ಟ ಗಾಜಿನಲ್ಲಿ ಇಣುಕಿ, ಒಳಗೆ ನೇತುಹಾಕಿದ್ದ ಥರ್ಮಾಮೀಟರ್ ನೋಡಿದೆ. ಪಾದರಸ ಗಂಟೆ ಹೊಡೆಯಬೇಕಾದ ಗೆರೆಯನ್ನು ದಾಟಿ ಮೇಲೆ ನಿಂತಿತ್ತು. ಚಪ್ಪರದಲ್ಲಿ ನೇತಾಡುತ್ತಿದ್ದ ಗಂಟೆ ಸುಮ್ಮನಿತ್ತು. ಅಕ್ಕ ಬಂದು ಒಲೆಯಿಂದ ಎರಡು ಕೊರಡು ಎಳೆದು, ‘ಈಗ ಇಳೀತದೆ ಬುಡು,’ ಅಂದಳು. ಹಬ್ಬದ ಸೀರೆಯಲ್ಲೇ ಡೈರಿಗೆ ಓಡಿದೆ. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಹಸಿರು ದೀಪ ಅಂದರೆ ಪೆಟ್ಟಿಗೆಗೆ ಜೀವ ಇದೆ ಅಂತ ಮಾತ್ರ, ಕಿವಿ ಇದೆ ಅಂತಲ್ಲ. ಆ ವ್ಯತ್ಯಾಸ ಆವತ್ತು ನನಗೆ ಹೊಳೆಯಲಿಲ್ಲ.

ಸೊಪ್ಪು ಬೇಯುತ್ತಿರುವಾಗ ಬ್ಯಾರನ್ ಒಳಗೆ ಹೋಗುವಂತಿಲ್ಲ. ಅದೇ ನಂಬರಿಗೆ ಚಕ್ರ ತಿರುಗಿಸಿದ ಹೊಸ ಸೆನ್ಸರ್ ಒಂದನ್ನು ಭಾವನ ಕೈಗೆ ಕೊಟ್ಟು, ಬ್ಯಾರನ್ ಬಿಚ್ಚಿದ ಮೇಲೆ ಬದಲಾಯಿಸಿ ಹಳೆಯದನ್ನು ಕಳಿಸಿ ಅಂದೆ. ಹೊರಡುವಾಗ ಅಕ್ಕನಿಗೆ, ‘ಗಂಟೆ ನಂಬ್ಕೊಂಡು ಕೂತ್ಕೋಬೇಡ, ನೀನೂ ನೋಡ್ತಿರು,’ ಅಂದೆ.

‘ನಾನೇ ನೋಡ್ಕಂಡಿರಾದಾದ್ರೆ ನಿಮ್ ಪೆಟ್ಗೆ ಯಾಕೆ ಮತ್ತೆ,’ ಅಂತ ನಕ್ಕಳು.

ಹಳೆಯ ಸೆನ್ಸರ್ ಬಸ್ಸಿನಲ್ಲಿ ಬಂತು. ಮೇಜಿನ ಮೇಲಿಟ್ಟು ನೋಡಿದೆ. ಅದರಲ್ಲಿ ಯಾವ ಐಬೂ ಇರಲಿಲ್ಲ. ಐಬು ಸಿಕ್ಕಿದ್ದರೆ ಆವತ್ತು ನಿದ್ದೆ ಬರುತ್ತಿತ್ತು. ನನ್ನ ಗೋಳು ತಾಳಲಾರದೆ ಇವರು ಇನ್ನೊಂದು ಪೆಟ್ಟಿಗೆಗೆ ಒಂದರಿಂದ ಶುರುಮಾಡಿ ವರಸೆಯಾಗಿ ನಂಬರು ತುಂಬಿದರು. ಆ ಊರುಗಳಲ್ಲಿ ಇದ್ದದ್ದಕ್ಕಿಂತ ಹೆಚ್ಚೇ ತುಂಬಿದರು. ಒಂದೊಂದನ್ನೂ ಕೂಗಿಸಿದರು. ಒಂದೊಂದಕ್ಕೂ ಗಂಟೆ ಹೊಡೆಯಿತು. ‘ನೋಡ್ದಾ, ಪೆಟ್ಟಿಗೆ ಗುಂಡುಕಲ್ಲಿನ ಹಾಗಿದೆ. ಅಲ್ಲೆಲ್ಲೋ ತಂತಿ ಸಡಿಲ ಆಗಿದ್ದೀತು, ಮುಂದಿನ ವಾರ ಹೋಗಿ ನೋಡಾನ,’ ಅಂದರು. ಎಲ್ಲ ಸರಿಯಾಗಿದೆ ಅನ್ನುವುದೇ ನನ್ನನ್ನು ಹೆದರಿಸುತ್ತಿತ್ತು. ಅಂಗಡಿಯ ಫೋನ್ ಹೊಡೆದುಕೊಂಡಾಗೆಲ್ಲ ಅಕ್ಕನ ಊರಿನದೇ ಇರಬೇಕು ಅಂತ ಓಡಿ ಹೋಗಿ ಎತ್ತುತ್ತಿದ್ದೆ.

ಆ ಮುಂದಿನ ವಾರ ಬರುವ ಮೊದಲೇ, ಒಂದು ಮಧ್ಯಾಹ್ನ, ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಕಡೆಯ ಒಬ್ಬ ರೈತರು ಮೆಟ್ಟಿಲು ಹತ್ತಿ ಬಂದರು. ಅವರ ಊರಿಗೂ ಇಂಥದೇ ಪೆಟ್ಟಿಗೆ ಬೇಕಿತ್ತು. ನಾನು ಸೆನ್ಸರ್ ತೋರಿಸುತ್ತಿದ್ದೆ, ಇವರು ಒಳಕೋಣೆಯಲ್ಲಿ ಬೆಸುಗೆ ಹಾಕುತ್ತಿದ್ದರು.

‘ನಂಬ್ರ ಮಾತ್ರ ನೋಡ್ಕೊಡವ್ವ,’ ಅಂದರು ಆ ರೈತರು. ‘ಕೂಡುದ್ರೆ ಒಂಬತ್ ಬರ್ಬೇಕು. ಎಂಟು ಬ್ಯಾಡ.’

‘ಗೊತ್ತು ಬುಡಿ ಅಣ್ಣ. ಎಲ್ಲಾರ್ಗೂ ಅದ್ನೇ ಕೊಟ್ಟಿರೋದು.’

ಒಳಗೆ ಬೆಸುಗೆಯ ಸದ್ದು ನಿಂತಿತು. ಇವರು ಬಾಗಿಲಿಗೆ ಬಂದು ನಿಂತರು. ‘ಏನಂದೆ?’

‘ಏನಿಲ್ಲ, ನಂಬರ್ ವಿಷಯ.’

‘ಎಲ್ಲಾರ್ಗೂ ಏನ್ ಕೊಟ್ಟಿದೀಯ?’

‘ಕೂಡಿದ್ರೆ ಒಂಬತ್ತು ಬರೋದು. ಯಾಕೆ, ಗೇಲಿ ಮಾಡೋಕಾ?’

ಅವರು ನಗಲಿಲ್ಲ. ‘ಎಂಗ್ ಕೂಡ್ತಾರೆ? ಎರಡಂಕಿ ಬಂದ್ರೆ?’

‘ಮತ್ತೆ ಕೂಡೋದು. ಒಂದೇ ಅಂಕಿ ಆಗೋಗಂಟ.’

ಅವರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ‘ನಾನೂ ಅಂಗೇ ಕೂಡೋದು,’ ಅಂದರು.

ಆ ಸಣ್ಣ ಪ್ರೊಸೆಸರಿಗೆ ಭಾಗಾಕಾರ ಕಷ್ಟ, ಕೂಡುವುದು ಸುಲಭ. ಅದಕ್ಕೇ ಅವರು ನಂಬರಿನ ಅಂಕಿಗಳನ್ನು ಕೂಡಿ, ಒಂದೇ ಅಂಕಿ ಉಳಿಯುವವರೆಗೆ ಮತ್ತೆ ಮತ್ತೆ ಕೂಡಿ, ಬಂದ ಅಂಕಿಯ ಗೂಡಿಗೆ ಹಾಕುತ್ತಿದ್ದರು. ಒಂದರಿಂದ ಎಂಟರವರೆಗಿನ ಗೂಡುಗಳು ಖಾಲಿ ಬಿದ್ದಿದ್ದವು. ಇಡೀ ಸೀಮೆಯ ಬ್ಯಾರನ್‌ಗಳು ಒಂಬತ್ತನೇ ಗೂಡಿನಲ್ಲಿ ಒಂದರ ಹಿಂದೊಂದು ನಿಂತಿದ್ದವು. ‘ನೀವು ಬರ್ದಿರೋದು ಕರ್ನೆಲ್ ಅಲ್ಲ, ಪಂಚಾಂಗ,’ ಅಂದೆ. ನನ್ನ ಬಾಯಿ ಅಂಥದ್ದು, ಇಂಥ ಹೊತ್ತಿನಲ್ಲೂ ಕುಟುಕದೆ ಬಿಡುವುದಿಲ್ಲ.

ಅವರು ಆಗಲೇ ಎದ್ದು ಫೋನಿನ ಕಡೆ ಹೋಗಿದ್ದರು. ನನಗೂ ಆಗ ಉಳಿದದ್ದು ತಲೆಗೆ ಹೋಯಿತು. ಹೊಸಬರು ಗೂಡಿನ ಬಾಯಲ್ಲಿ ಕೂರುತ್ತಾರೆ. ಹಳಬರು ಒಳಗೆ ಒಳಗೆ ಸರಿಯುತ್ತಾರೆ. ಇಂತಿಷ್ಟು ಹೊತ್ತಿನಲ್ಲಿ ಸಿಗದವರನ್ನು ಪೆಟ್ಟಿಗೆ ಸುಳ್ಳು ಅಂತ ಬಿಟ್ಟುಬಿಡುತ್ತದೆ. ನಾನು ಚೀಲ ಹೊತ್ತು ಹೋಗಿ ಸೇರಿಸಿದ ಒಂದೊಂದು ಬ್ಯಾರನ್ನೂ ಮೊದಲು ಸೇರಿದವರನ್ನು ಒಂದೊಂದು ಮಾರು ಹಿಂದಕ್ಕೆ ತಳ್ಳಿತ್ತು. ಕೊನೆಗೆ ಅವರ ಕೂಗು ತಂತಿಯಲ್ಲಿ ಬಂದರೂ ಪೆಟ್ಟಿಗೆಯ ಪಾಲಿಗೆ ಅವರು ಇಲ್ಲವೇ ಇಲ್ಲ. ಎಲ್ಲರಿಗಿಂತ ಮೊದಲು ಸೇರಿದ್ದು ಅಕ್ಕ.

ಡೈರಿಗೆ ಫೋನ್ ಮಾಡಿದೆವು. ಹೊಡೆದುಕೊಂಡೇ ಹೊಡೆದುಕೊಂಡಿತು, ಎತ್ತಲಿಲ್ಲ. ಮತ್ತೆ ಮಾಡಿದೆವು. ಆ ರೈತರು, ಏನೋ ಕೆಟ್ಟದ್ದಾಗಿದೆ ಅಂತ ತಿಳಿದು, ‘ಓಗ್ಬನ್ನಿ, ಅಂಗ್ಡಿ ನಾನ್ ನೋಡ್ಕತೀನಿ,’ ಅಂದರು. ಸ್ಕೂಟರ್ ಹತ್ತಿದೆವು.

ಮಳೆ ಬಿಟ್ಟು ಒಣಗಾಳಿ ಬೀಸುತ್ತಿತ್ತು. ಸೊಪ್ಪಿನ ಸೀಮೆ ಶುರುವಾದ ಕೂಡಲೇ ರಸ್ತೆಯ ಎರಡೂ ಕಡೆ ಬ್ಯಾರನ್‌ಗಳು, ಎಲ್ಲದರ ಚಿಮಣಿಯಲ್ಲೂ ಹೊಗೆ. ಹುಟ್ಟಿದಾಗಿನಿಂದ ನೋಡಿದ ಹೊಗೆ, ಆವತ್ತು ಒಂದೊಂದೂ ಕೆಟ್ಟದ್ದಾಗಿಯೇ ಕಂಡಿತು. ಇದೋ ಅದೋ ಅಂತ ಒಂದೊಂದನ್ನೇ ದಿಟ್ಟಿಸುತ್ತ ಹೋದೆ. ದೂರದಿಂದ ಯಾವುದನ್ನೂ ಹೇಳುವಂತಿರಲಿಲ್ಲ. ಬೆಟ್ಟ ಕಂಡಾಗ ಅದರ ಮೇಲಿನ ದೇವರಿಗೆ ಹರಕೆ ಕಟ್ಟಿಕೊಂಡೆ. ಇವರ ಬೆನ್ನು ಒದ್ದೆಯಾಗಿತ್ತು.

ಊರು ಖಾಲಿ. ಜಗಲಿಗಳ ಮೇಲೆ ಒಂದು ನರಪಿಳ್ಳೆ ಇಲ್ಲ. ಊರಿನ ಹಿರಿಯರೊಬ್ಬರ ತಿಥಿ, ಎಲ್ಲರೂ ಊಟಕ್ಕೆ ತೋಟದ ಮನೆಗೆ ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು. ಪೆಟ್ಟಿಗೆ ಇದೆಯಲ್ಲ ಅಂತ ಉರಿಯುವ ಬ್ಯಾರನ್‌ಗಳನ್ನೆಲ್ಲ ಅದರ ವಶಕ್ಕೆ ಬಿಟ್ಟು ಹೋಗಿದ್ದರು. ಡೈರಿಗೆ ಬೀಗ. ಕಿಟಕಿಯ ಸರಳಿನಾಚೆ ಹಸಿರು ದೀಪ ನಿಶ್ಚಿಂತೆಯಾಗಿ ಉರಿಯುತ್ತಿತ್ತು. ಅದನ್ನು ಕಲ್ಲೆತ್ತಿ ಒಡೆಯಬೇಕು ಅನ್ನುವಷ್ಟು ರೋಷ ಬಂತು.

ಅಕ್ಕನ ಬ್ಯಾರನ್ ಊರಾಚೆ, ಹೊಲದ ಅಂಚಿನಲ್ಲಿ. ಸ್ಕೂಟರ್ ಬಿಸಾಕಿ ಬದುವಿನ ಮೇಲೆ ಓಡಿದೆವು. ಅದರ ಚಿಮಣಿಯಲ್ಲಿ ತೆಳ್ಳನೆಯ ಹೊಗೆ, ಸರಿಯಾಗಿಯೇ ಇತ್ತು. ಆದರೆ ಹಂಚಿನ ಸಂದುಗಳಿಂದ ಇನ್ನೊಂದು ಹೊಗೆ ಏಳುತ್ತಿತ್ತು, ಹಳದಿಗಟ್ಟಿದ ದಪ್ಪ ಹೊಗೆ. ಬೇಯುವ ಸೊಪ್ಪಿಗೆ ಸಿಹಿ ವಾಸನೆ ಇರುತ್ತದೆ. ಅದು ಇರಲಿಲ್ಲ. ಗಂಟಲು ಕಡಿಯುವ ಕಮಟು ಇತ್ತು.

ಚಪ್ಪರದಲ್ಲಿ ಅಕ್ಕ ಮಲಗಿದ್ದಳು. ಒಂದು ಮಗ್ಗುಲಾಗಿ, ತೋಳನ್ನೇ ದಿಂಬು ಮಾಡಿಕೊಂಡು, ಬಾಯಿ ಒಂಚೂರು ತೆರೆದು. ಅಷ್ಟು ನೆಮ್ಮದಿಯ ಮುಖವನ್ನು ಅವಳ ಮದುವೆಯಾದ ಮೇಲೆ ನಾನು ಕಂಡಿರಲಿಲ್ಲ. ಅವಳ ತಲೆಯ ಮೇಲೆ ನಮ್ಮ ಗಂಟೆ ಗಾಳಿಗೆ ಅಲ್ಲಾಡುತ್ತಿತ್ತು, ಸದ್ದಿಲ್ಲದೆ. ಗೋಡೆಯ ಆಚೆ ಒಳಗೆ ಏನೋ ಪಟಪಟ ಸಿಡಿಯುತ್ತಿತ್ತು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ, ರಟ್ಟೆ ಹಿಡಿದು ಎಳೆದೆ. ಇವರು ಇನ್ನೊಂದು ರಟ್ಟೆ ಹಿಡಿದರು. ದರದರ ಎಳೆದುಕೊಂಡು ಹೊಲದೊಳಕ್ಕೆ ಬಂದೆವು.

ಅರೆನಿದ್ದೆಯಲ್ಲೇ ಅವಳು ನನ್ನ ಮುಖ ನೋಡಿ, ‘ಗಂಟೆ ಒಡೀತಾ?’ ಅಂತ ಕೇಳಿದಳು.

‘ಇಲ್ಲ ಅಕ್ಕ,’ ಅಂದೆ. ಅಷ್ಟರಲ್ಲಿ ಮಾಡು ಕುಸಿಯಿತು. ಗಳಗಳು ಮುರಿದು, ಹಂಚುಗಳು ಹೊರಕ್ಕೆ ಜಾರಿ ಚಪ್ಪರದ ಮೇಲೆ ಬಿದ್ದವು. ಚಪ್ಪರ ನಿಂತಲ್ಲೇ ಹತ್ತಿಕೊಂಡಿತು. ಚಾಪೆ ಇದ್ದ ಜಾಗ ಕಾಣಲಿಲ್ಲ. ಅಕ್ಕ ಅದನ್ನೇ ನೋಡುತ್ತಿದ್ದಳು. ಅಳಲಿಲ್ಲ. ನನ್ನ ಕೈ ಬಿಡಿಸಿಕೊಂಡು, ಕೆದರಿದ ಕೂದಲನ್ನು ಗಂಟು ಹಾಕಿಕೊಂಡಳು.

ಹೊಗೆ ನೋಡಿ ಜನ ಓಡಿ ಬಂದರು, ಊಟದ ಎಂಜಲು ಕೈಯಲ್ಲೇ ಬಂದವರೂ ಇದ್ದರು. ಪಂಪ್‌ಸೆಟ್ಟಿನಿಂದ ನೀರು ಹೊಡೆದು ಪಕ್ಕದ ಬ್ಯಾರನ್ ಉಳಿಸಿಕೊಂಡರು. ಭಾವ ತಲೆಯ ಮೇಲೆ ಕೈ ಹೊತ್ತು ನಿಂತುಬಿಟ್ಟ. ನಾವಿಬ್ಬರೂ ಅಲ್ಲಿರುವುದನ್ನು ಕಂಡ ಒಬ್ಬ ಹಿರಿಯರು, ‘ಪೆಟ್ಗೆ ಸೀದಾ ಉಣ್ಸೂರ್ಗೇ ಸುದ್ದಿ ಮುಟ್ಟುಸ್ಬುಡ್ತು ನೋಡ್ರಲಾ. ಇಲ್ದಿದ್ರೆ ಇವ್ರು ಒತ್ಗೆ ಸರ್ಯಾಗಿ ಬರಾದುಂಟಾ,’ ಅಂದರು. ಜನರೆಲ್ಲ ಹೌದು ಹೌದು ಅಂದರು. ಒಬ್ಬಾಕೆ ನನ್ನ ಕೆನ್ನೆ ಸವರಿ ದೃಷ್ಟಿ ತೆಗೆದಳು.

‘ಅದು ಕೂಗ್ಲಿಲ್ಲ,’ ಅಂದೆ. ‘ಅದಕ್ಕೆ ಇವಳ ಬ್ಯಾರನ್ ಇರೋದೇ ಗೊತ್ತಿರ್ಲಿಲ್ಲ. ನಿಮ್ಮಲ್ಲಿ ಮೊದ್ಲು ಹಾಕಿಸ್ಕೊಂಡೋರು ಯಾರೂ ಅದನ್ನ ನಂಬ್ಬೇಡಿ, ಈಗ್ಲೇ ಹೋಗಿ ನಿಮ್ ನಿಮ್ ಬ್ಯಾರನ್ ನೋಡ್ಕೊಳ್ಳಿ.’

ಯಾರೂ ಅಲ್ಲಾಡಲಿಲ್ಲ. ಪಾಪ, ಹೆದರಿಕೊಂಡು ಏನೇನೋ ಅನ್ನುತ್ತಿದ್ದಾಳೆ ಅನ್ನುವ ಹಾಗೆ ನೋಡಿದರು. ಆ ನೋಟ ಬೆಂಕಿಗಿಂತ ಹೆಚ್ಚು ನನ್ನನ್ನು ನಡುಗಿಸಿತು. ಕೊನೆಗೆ ಇವರು ಡೈರಿಯ ಬೀಗ ತೆಗೆಸಿ ಪೆಟ್ಟಿಗೆಯ ವೈರನ್ನೇ ಕಿತ್ತು ಹಾಕಿದರು. ದೀಪ ಆರಿದ್ದನ್ನು ಕಂಡಮೇಲೆ ಜನ ಗೊಣಗುತ್ತ ಬ್ಯಾರನ್‌ಗಳ ಕಡೆ ಹೊರಟರು. ಇನ್ನೂ ಒಂದೆರಡು ಕಡೆ ಶಾಖ ಮೀರಿತ್ತು ಅಂತ ಸಂಜೆಗೆ ತಿಳಿಯಿತು.

ಆ ಚಳಿಗಾಲವೆಲ್ಲ ಇವರು ಮಾತು ಕಡಿಮೆ ಮಾಡಿ ಟ್ರೀ ಬರೆದರು. ಕೊಂಬೆ ತಿರುಗಿಸುವಾಗ ಕಿವಿ ಮುಚ್ಚಬೇಕಾದ ತೊಂದರೆಗೂ ದಾರಿ ಹುಡುಕಿದರು. ಹೊಸ ಕೊಂಬೆಯನ್ನು ಪಕ್ಕದಲ್ಲಿ ಪೂರ್ತಿ ಕಟ್ಟಿಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ಒಂದೇ ಏಟಿಗೆ ಹಳೆಯದರ ಜಾಗಕ್ಕೆ ಸೇರಿಸುವುದು. ಅಲ್ಲಿಯವರೆಗೂ ಹಳೆಯದರಲ್ಲೇ ಹುಡುಕಬಹುದು. ಈ ಸಲ ಪರೀಕ್ಷೆಗೆ ನಾನು ಊರವರ ನಿಜವಾದ ನಂಬರುಗಳನ್ನೇ ತುಂಬಿದೆ. ನಮ್ಮ ಜಗಳದಲ್ಲಿ ನಾವು ಕೇಳಿದ್ದು ಸಾಮಾನ್ಯವಾಗಿ ಎಷ್ಟು ಬೇಗ ಸಿಗುತ್ತದೆ ಅಂತ. ಕೇಳಬೇಕಾಗಿದ್ದು ಅದಲ್ಲ. ತೀರಾ ಕೆಟ್ಟ ದಿನ, ಎಲ್ಲರಿಗಿಂತ ಹಿಂದೆ ನಿಂತವರು ಸಿಗುತ್ತಾರೋ ಇಲ್ಲವೋ ಅಂತ. ಮಳೆಗಾಲಕ್ಕೆ ಹೊಸ ಪೆಟ್ಟಿಗೆ ಡೈರಿಯಲ್ಲಿ ಕೂತಿತು. ಯಾವ ಬ್ಯಾರನ್ ಕೂಗಿದರೂ, ಎಷ್ಟು ಜನ ಸೇರಿದರೂ, ಗಂಟೆ ಸಮಯಕ್ಕೆ ಹೊಡೆಯುತ್ತಿತ್ತು. ಅದರ ಮೇಲೆ ಆಮೇಲೆ ಒಂದು ದೂರೂ ಬರಲಿಲ್ಲ.

ಭಾವ ಬ್ಯಾರನ್ ಮತ್ತೆ ಕಟ್ಟಿಸಿದ. ಸೊಪ್ಪು ಬೇಯುವ ಕಾಲಕ್ಕೆ ನಾವಿಬ್ಬರೂ ಒಂದು ಮಧ್ಯಾಹ್ನ ಹೋದೆವು. ಹೊಸ ಚಪ್ಪರದಲ್ಲಿ ಅಕ್ಕ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಕಣ್ಣಿನ ಸುತ್ತಲ ಕಪ್ಪು ವಾಪಸು ಬಂದಿತ್ತು.

‘ಗಂಟೆ ಹೊಡೀತದಾ ಅಕ್ಕ?’ ಅಂತ ಕೇಳಿದೆ.

‘ಒಡೀತದೆ ಕಣೆ. ಸರ್ಯಾಗಿ ಒಡೀತದೆ. ಅದು ಒಡ್ಯೋಕ್ ಮುಂಚೆ ನಾನ್ ಸೌದೆ ಎಳ್ದಿರ್ತೀನಿ.’

ಇವರು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮಣ್ಣಿನ ಮೇಲೆ ಕಡ್ಡಿಯಿಂದ ಕೊಂಬೆಗಳನ್ನು ಬರೆದು, ಈಗ ಹೇಗೆ ಹುಡುಕುತ್ತದೆ ಅಂತ ತೋರಿಸಿದರು. ಎಷ್ಟು ಜನ ಬಂದರೂ ನಿಮ್ಮದು ಹಿಂದಕ್ಕೆ ಹೋಗುವುದಿಲ್ಲ ಅಂದರು. ಅಕ್ಕ ಗಮನವಿಟ್ಟು ಕೇಳಿದಳು.

‘ಅಂಗಾರೆ ಈಗ ನಾನು ಕೊನೇಲಿಲ್ವಾ?’

‘ಇಲ್ಲ ಅಕ್ಕ. ಕೊನೆ ಅನ್ನೋದೇ ಇಲ್ಲ.’

‘ಒಳ್ಳೇದಾಯ್ತು ಬುಡಿ,’ ಅಂದಳು. ನಿಜವಾಗಿಯೂ ನಂಬಿ ಹೇಳಿದ ಮಾತು ಅದು, ನನಗೆ ಅವಳ ದನಿ ಗೊತ್ತು.

‘ಮಲಿಕೋ ಹಂಗಾದ್ರೆ. ನಾನೂ ಇದೀನಲ್ಲ, ನಾನ್ ನೋಡ್ಕೋತೀನಿ,’ ಅಂದೆ. ಮಗುವನ್ನು ಮಲಗಿಸುವ ಹಾಗೆ ಭುಜ ಹಿಡಿದು ಚಾಪೆಯ ಮೇಲೆ ಒರಗಿಸಿದೆ. ಅವಳು ಮಲಗಿದಳು. ಕಣ್ಣು ಮುಚ್ಚಿದಳು. ಉಸಿರು ನಿಧಾನವಾಯಿತು. ಪರವಾಗಿಲ್ಲ, ಬಂತು ನಿದ್ದೆ ಅಂತ ನಾನು ಇವರಿಗೆ ಕಣ್ಣಿನಲ್ಲೇ ಹೇಳಿದೆ. ಆಮೇಲೆ ಅವಳ ಕೈ ನೋಡಿದೆ. ತಲೆಯ ಮೇಲಕ್ಕೆ ಚಾಚಿ ಅಂಗೈಯನ್ನು ಬ್ಯಾರನ್ ಗೋಡೆಗೆ ಒತ್ತಿ ಹಿಡಿದಿದ್ದಳು. ನಾನು ಮೆಲ್ಲಗೆ ಅದನ್ನು ತೆಗೆದು ಅವಳ ಎದೆಯ ಮೇಲಿಟ್ಟೆ. ಕಣ್ಣು ತೆರೆಯದೆಯೇ ಅವಳು ಅದನ್ನು ಮತ್ತೆ ಗೋಡೆಗೆ ಇಟ್ಟಳು.